ರೇವವ್ವನ ಕಣ್ಣು

ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಿಂತು ರಾಜೇಶ್ವರಿಯ ಮನೆ ಯಾವುದೆಂದು ಕೇಳಿದರೆ ಯಾರೂ ಕೈ ಮಾಡಿ ತೋರಿಸುವುದಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಎಲ್ಲಿ ಕೇಳುತ್ತದೋ ಅಲ್ಲಿಗೆ ಹೋಗಿ ಅನ್ನುತ್ತಾರೆ. ಮನೆಯ ಹಿಂಬದಿಯ ತಗಡಿನ ಚಪ್ಪರದಲ್ಲಿ ಸಾಲಾಗಿ ಒಲೆಗಳು, ಒಲೆಗೊಬ್ಬ ಹೆಣ್ಣುಮಗಳು, ನಡುವಿನ ಒಲೆಗೆ ರಾಜೇಶ್ವರಿ. ಮುಂಬದಿಯ ಕೋಣೆಯಲ್ಲಿ ಅವಳ ಸೊಸೆ ಶೈಲಶ್ರೀಯ ಬ್ಯೂಟಿ ಪಾರ್ಲರ್. ಹಿಂದೆ ಹಿಟ್ಟು, ಮುಂದೆ ಪೌಡರ್, ನಡುವೆ ನಾವು ಎರಡೂ ಕಡೆಯಿಂದ ಬೆಳ್ಳಗಾಗಿದ್ದೇವೆ ಎಂದು ರಾಜೇಶ್ವರಿಯ ಗಂಡ ಶ್ರೀಶೈಲಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಆಲಮಟ್ಟಿಯ ಕಾಲುವೆ ಕಚೇರಿಯಿಂದ ನಿವೃತ್ತನಾದ ಮೇಲೆ ಇಂಥ ಮಾತು ಕಟ್ಟುವುದೇ ಅವನ ನೌಕರಿ.

ರಾಜೇಶ್ವರಿ ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಹಾಗಾಗಿ ಶ್ರೀಶೈಲಪ್ಪನ ತಾಯಿ ಬಾಳಮ್ಮ ಅವಳಿಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಈ ಮನೆಗೆ ಸೊಸೆಯಾಗಿ ಬಂದು ತನ್ನ ಮಗನಿಗೂ ಮದುವೆ ಮಾಡಿದ ಮೇಲೂ ಅವಳು ಬಾಳಮ್ಮನನ್ನು 'ಆಯಿ' ಎಂದು ಕರೆಯುವುದನ್ನು ಬಿಟ್ಟಿರಲಿಲ್ಲ. ಎಂಬತ್ತು ದಾಟಿದ ಆಯಿಯ ಹಲ್ಲು ಹೋಗಿದ್ದವು, ಕಿವಿ ಮತ್ತು ನೆನಪು ಹೋಗಿರಲಿಲ್ಲ.

ಇನ್ನು ಗೋಡೆಯ ಮೇಲಿದ್ದವಳ ಬಗ್ಗೆ ಹೇಳಬೇಕು. ಪಡಸಾಲೆಯಲ್ಲಿ, ಎಲ್ಲರೂ ಉಣ್ಣಲು ಕೂರುವ ಕಡೆ, ಬಾಳಮ್ಮನ ಅತ್ತೆ ರೇವವ್ವನ ಫೋಟೋ ತೂಗುಹಾಕಿದ್ದರು. ಎದೆಮಟ್ಟದ್ದು, ಕೈಯಿಂದ ಬಣ್ಣ ತುಂಬಿದ್ದು. ತಲೆಯ ಮೇಲೆ ಸೆರಗು, ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂಮಾಲೆ. ಕಣ್ಣುಗಳು ದೊಡ್ಡವು, ದುಂಡಗಿನವು, ಕರಿಗುಡ್ಡೆಯ ಸುತ್ತ ಬಿಳಿ ಕಾಣುವಷ್ಟು ತೆರೆದವು. ಪಡಸಾಲೆಯ ಯಾವ ಮೂಲೆಯಲ್ಲಿ ಕೂತರೂ ನಿಮ್ಮನ್ನೇ ನೋಡುತ್ತಿದ್ದವು. ರಾಜೇಶ್ವರಿಯ ಮಗ ಸಂಗಮೇಶ ಸಣ್ಣವನಿದ್ದಾಗ ತಾಟಿನಲ್ಲಿ ಅನ್ನ ಬಿಟ್ಟರೆ, ರೇವವ್ವ ನೋಡಾಕತ್ತಾಳ ಅಂದರೆ ಸಾಕಿತ್ತು, ತಾಟು ನೆಕ್ಕುತ್ತಿದ್ದ. ಬಾಳಮ್ಮ ಮಾತ್ರ ಯಾವಾಗಲೂ ಆ ಗೋಡೆಗೆ ಬೆನ್ನು ಮಾಡಿ ಉಣ್ಣುತ್ತಿದ್ದಳು. ಯಾಕೆಂದು ಕೇಳಿದರೆ, ಬಾಗಿಲ ಬೆಳಕು ಬೇಕು ಅನ್ನುತ್ತಿದ್ದಳು. ಆ ಫೋಟೋ ನೋಡಿದವರೆಲ್ಲ ರಾಜೇಶ್ವರಿಗೆ ಮುತ್ತಜ್ಜಿ ರೇವವ್ವನ ಮೂಗು, ಮುತ್ತಜ್ಜಿಯ ಗದ್ದ, ಕಣ್ಣು ಮಾತ್ರ ಯಾರವೋ ಎಂದು ಹೇಳುವುದಿತ್ತು.

ರಾಜೇಶ್ವರಿಯ ಆ ಕಣ್ಣುಗಳೇ ಈಗ ಇಳಿಯುತ್ತ ಬಂದಿದ್ದವು. ಮೊದಲು ಹುಬ್ಬು ಇಳಿಯಿತು. ಆಮೇಲೆ ರೆಪ್ಪೆಯ ಮೇಲಿನ ಚರ್ಮ, ಹಗ್ಗದ ಮೇಲೆ ಹಾಕಿದ ಒದ್ದೆ ಸೀರೆಯಂತೆ ಜೋತು, ಕಣ್ಣಿನ ಮೇಲರ್ಧವನ್ನು ಮುಚ್ಚಿತು. ಹಂಚಿನ ಮೇಲಿನ ರೊಟ್ಟಿ ಕಾಣಬೇಕಾದರೆ ರಾಜೇಶ್ವರಿ ಗದ್ದ ಎತ್ತಿ ನೋಡಬೇಕು. ಮೇಲಿನ ಡಬ್ಬಿಗೆ ಕೈ ಹಾಕುವಾಗ ಹಲಗೆ ಹಣೆಗೆ ಬಡಿಯುತ್ತಿತ್ತು. ರೊಟ್ಟಿಯ ಕಟ್ಟುಗಳನ್ನು ಖಾನಾವಳಿಗಳಿಗೆ ಮುಟ್ಟಿಸುವ ಆಟೋದ ದಿಲಾವರನಂತೂ ದಿನಾ, ಅವ್ವಾರ ಆರಾಮಿಲ್ಲೇನ್ರಿ, ನಿದ್ದಿ ಆಗಿಲ್ಲೇನ್ರಿ ಎಂದು ಕೇಳುವವನೇ.

ಜಗಳ ಎದ್ದದ್ದು ಬಸವ ಜಯಂತಿಯ ದಿನ. ಬಾಗೇವಾಡಿಯಿಂದ ಶೈಲಶ್ರೀಯ ತವರಿನವರು ಊಟಕ್ಕೆ ಬಂದಿದ್ದರು. ರಾಜೇಶ್ವರಿ ಹೋಳಿಗೆ ನೀಡುತ್ತಿದ್ದಳು. ಬೀಗರ ಮುಂದೆ ಮಾತಿಗೆ ಉಪ್ಪು-ಖಾರ ಇರಲಿ ಎಂದು ಶ್ರೀಶೈಲಪ್ಪ ಅಂದ, "ನೀವೇನ ತಪ್ಪ ತಿಳ್ಕೋಬ್ಯಾಡ್ರಿ. ಇಕಿ ಹಬ್ಬದಾಗೂ ಮಾರಿ ಗಂಟ ಹಾಕ್ಕೊಂಡ ಇರತಾಳ."

ಎಲ್ಲರೂ ನಕ್ಕರು. ರಾಜೇಶ್ವರಿ ತುಪ್ಪದ ಗಿಂಡಿಯನ್ನು ಅಲ್ಲೇ ನೆಲದ ಮೇಲೆ ಇಟ್ಟಳು.

"ನಾ ಸಿಟ್ಟಿಗೆದ್ದಿಲ್ಲ. ನನ್ನ ಮಾರಿ ಹಂಗೈತಿ. ನಕ್ಕರೂ ನಿಮಗ ಸಿಟ್ಟ ಕಾಣತೈತಿ. ನಾ ಯಾರಿಗಂತ ಹೇಳಲಿ?"

ಅಂದವಳು ಚಪ್ಪರಕ್ಕೆ ಹೋಗಿಬಿಟ್ಟಳು. ಬೀಗರು ಹೋದ ಮೇಲೆ ಶೈಲಶ್ರೀ ಹಿಂದೆಯೇ ಬಂದು ಪಕ್ಕದಲ್ಲಿ ಕೂತಳು. ಅವಳು ಹುಬ್ಬುಗಳ ನಡುವೆಯೇ ದಿನ ಕಳೆಯುವವಳು. ಇದಕ್ಕೆ ಇಲಾಜು ಉಂಟು, ವಿಜಯಪುರದಲ್ಲಿ ರೆಪ್ಪೆಯ ಡಾಕ್ಟರೇ ಇದ್ದಾರೆ ಎಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ರಾಜೇಶ್ವರಿ ಕೇಳಿದರೆ, ಸೊಸೆ ಅತ್ತೆಯ ಮುಖಕ್ಕೆ ಹೆಸರಿಟ್ಟಳು ಅಂತೀರಿ ಅಂತ ಅಂಜಿಕೆ ಇತ್ತು ಎಂದಳು. ರಾಜೇಶ್ವರಿಗೆ ಆ ದಿನ ಮೊದಲ ಸಲ ನಗೆ ಬಂತು. ಶೈಲಶ್ರೀಗೆ ಅದು ನಗೆಯೆಂದು ತಿಳಿಯಲು ತುಸು ಹೊತ್ತು ಹಿಡಿಯಿತು.

ಡಾಕ್ಟರ್ ಪ್ರಿಯದರ್ಶಿನಿ ಸಿಂದಗಿ ತಾಲೂಕಿನ ದೇವಣಗಾಂವದ ಕಡೆಯವಳು. ಊರ ಮಾತನ್ನು ಆಸ್ಪತ್ರೆಯ ಹೊರಗೆ ಬಿಟ್ಟು ಬಂದಿರಲಿಲ್ಲ. ರಾಜೇಶ್ವರಿಯ ಹುಬ್ಬಿನ ಕೆಳಗೆ ಹೆಬ್ಬೆರಳಿಟ್ಟು ಮೇಲಕ್ಕೆತ್ತಿ ಕೈಗನ್ನಡಿ ಕೊಟ್ಟಳು. ರಾಜೇಶ್ವರಿಗೆ ಕೋಣೆಯ ತಾರಸಿ ಕಂಡಿತು, ಅಲ್ಲಿ ತಿರುಗುವ ಫ್ಯಾನು ಕಂಡಿತು. ಹಿಂದೆ ನಿಂತಿದ್ದ ಶೈಲಶ್ರೀ ಮಾತ್ರ ಕನ್ನಡಿಯೊಳಗಿನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಯಾಕೆಂದು ಅವಳಿಗೇ ಹೇಳಲಾಗಲಿಲ್ಲ.

ದಾರಿ ಮೂರು ಎಂದಳು ಡಾಕ್ಟರ್. ಬೊಟಾಕ್ಸ್ ಇಂಜೆಕ್ಷನ್ ಕೊಟ್ಟರೆ ಹುಬ್ಬನ್ನು ಕೆಳಗೆ ಜಗ್ಗುವ ಸ್ನಾಯು ಸಡಿಲಾಗಿ ಹುಬ್ಬು ತುಸು ಏಳುತ್ತದೆ, ಮೂರು-ನಾಲ್ಕು ತಿಂಗಳಲ್ಲಿ ಮತ್ತೆ ಇಳಿಯುತ್ತದೆ. ಚರ್ಮದೊಳಗೆ ಕರಗುವ ದಾರ ಸೇರಿಸಿ ಹುಬ್ಬನ್ನು ಎಳೆದು ನಿಲ್ಲಿಸುವುದು ಎರಡನೆಯದು. ಅದು ಇನ್ನಷ್ಟು ದಿನ ತಾಳುತ್ತದೆ, ರೆಪ್ಪೆಯ ಚರ್ಮ ಮಾತ್ರ ಇದ್ದಲ್ಲೇ ಇರುತ್ತದೆ. ಮೂರನೆಯದು ಆಪರೇಶನ್. ರೆಪ್ಪೆಯ ಹೆಚ್ಚಿನ ಚರ್ಮ ಕತ್ತರಿಸಿ ಹೊಲಿಯುವುದು. ನೋಟಕ್ಕೆ ಅಡ್ಡ ಬಂದದ್ದು ಹೋಗಬೇಕಾದರೆ ಅದೇ. ಆದರೆ ಕತ್ತರಿಸಿದ ಚರ್ಮ ತಿರುಗಿ ಬರುವುದಿಲ್ಲ, ವಿಚಾರ ಮಾಡಿ ಬನ್ನಿ ಎಂದು ಕಳಿಸಿದಳು.

ವಿಚಾರ ನಡೆದದ್ದು ಪುಂಡಿ ಪಲ್ಯ, ರೊಟ್ಟಿ, ಶೇಂಗಾ ಚಟ್ನಿಯ ಮುಂದೆ. ಸಿಮೆಂಟಿನ ಏಜೆನ್ಸಿ ನಡೆಸುವ ಸಂಗಮೇಶ, ರಿಪೇರಿ ಒಮ್ಮೆ ಮಾಡಿದರೆ ಗಟ್ಟಿಯಾಗಿ ಮಾಡಬೇಕು, ಆಪರೇಶನ್ನೇ ಆಗಲಿ ಎಂದ. ಶೈಲಶ್ರೀ ದಾರವೆಂದಳು. ಶ್ರೀಶೈಲಪ್ಪ ರೊಟ್ಟಿ ಮುರಿಯುತ್ತ, ಒಂದು ವಿಷದ ಸೂಜಿ, ಒಂದು ದಾರ, ಒಂದು ಕತ್ತರಿ, ಇದು ಡಾಕ್ಟರೋ ಸಿಂಪಿಗನೋ ಎಂದ. ಬಾಳಮ್ಮ ಗೋಡೆಗೆ ಬೆನ್ನು ಮಾಡಿ ಹಾಲಿನಲ್ಲಿ ರೊಟ್ಟಿ ಮಿದಿಯುತ್ತಿದ್ದಳು. ಕೊನೆಗೆ ರಾಜೇಶ್ವರಿಯೇ, ತಿರುಗಿ ಇಳಿಯುವುದು ಯಾವುದೋ ಅದನ್ನೇ ಮೊದಲು ನೋಡೋಣ, ಸೇರದಿದ್ದರೆ ಹೋಗುತ್ತದಲ್ಲ ಎಂದು ಇಂಜೆಕ್ಷನ್ ಆರಿಸಿಕೊಂಡಳು.

ವಾರ ಕಳೆಯುವುದರೊಳಗೆ ಹುಬ್ಬು ಎದ್ದಿತು. ತುದಿಗಳು ನಡುವಿಗಿಂತ ಹೆಚ್ಚು ಎದ್ದವು. ಕಣ್ಣು ಅಗಲವಾದವು, ಮುಖಕ್ಕೆ ಏನನ್ನೋ ಕಂಡು ನಿಂತಂಥ ಭಾವ ಬಂತು. ಅದನ್ನು ಇನ್ನೊಂದು ಹನಿಯಲ್ಲಿ ಸರಿಮಾಡಬಹುದೆಂದು ಡಾಕ್ಟರ್ ಫೋನಿನಲ್ಲಿ ಹೇಳಿದಳು. ಈಗಷ್ಟೇ ಜಗತ್ತು ಕಾಣುತ್ತಿದೆ, ಇರಲಿ ಎಂದು ರಾಜೇಶ್ವರಿ ಹೋಗಲಿಲ್ಲ.

ಹುಬ್ಬು ಎದ್ದ ದಿನ ಬೆಳಿಗ್ಗೆ ಬಾಳಮ್ಮ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ರಾಜೇಶ್ವರಿ ಚಹಾ ತಂದಳು. ಬಾಳಮ್ಮ ಕತ್ತೆತ್ತಿ ನೋಡಿದಳು. ಮೊರ ಕೈಯಿಂದ ಜಾರಿ ಜೋಳ ನೆಲದ ತುಂಬ ಹರಡಿತು. ಕಂಬ ಹಿಡಿದು ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಹಣೆಯವರೆಗೆ ಎಳೆದುಕೊಂಡು ಗೋಡೆಯ ಮಗ್ಗುಲಿಗೆ ಸರಿದು ನೆಲ ನೋಡುತ್ತ ನಿಂತಳು. ಹೊಸ ಸೊಸೆಯೊಬ್ಬಳು ಅತ್ತೆಯ ಮುಂದೆ ನಿಲ್ಲುತ್ತಾಳಲ್ಲ, ಹಾಗೆ.

"ಯಾಕಬೇ ಆಯಿ, ಯಾಕ ಎದ್ದಿ?"

ರಾಜೇಶ್ವರಿ ಚಹಾ ನೆಲದ ಮೇಲಿಟ್ಟು ಒಳಗೆ ಹೋದ ಮೇಲೆಯೇ ಬಾಳಮ್ಮ ಕೂತದ್ದು.

ಅಂದಿನಿಂದ ಇದೇ ಪಾಠ. ರಾಜೇಶ್ವರಿ ಬಂದರೆ ಮುದುಕಿ ಏಳುತ್ತಾಳೆ, ಹೋದರೆ ಕೂರುತ್ತಾಳೆ. ಅವಳ ಎದುರು ಉಣ್ಣುವುದಿಲ್ಲ, ತಾಟು ಹಿಡಿದು ಹಿತ್ತಲಿಗೆ ಹೋಗುತ್ತಾಳೆ. ತಾಯಿಗೆ ಅರಳುಮರಳು ಶುರುವಾಯಿತೆಂದು ಶ್ರೀಶೈಲಪ್ಪ ಪರೀಕ್ಷೆ ಮಾಡಿದ. ಇವತ್ತು ಯಾವ ವಾರ, ಹಿಂದಿನ ಸಂತೆಯಲ್ಲಿ ಬದನೆಕಾಯಿ ತಂದವರು ಯಾರು, ಈಗ ಯಾವ ನಕ್ಷತ್ರದ ಮಳೆ ನಡೆದಿದೆ ಎಂದು ಕೇಳಿದ. ಎಲ್ಲಕ್ಕೂ ಸರಿಯಾಗಿ ಹೇಳಿ, ಕೊನೆಗೆ, ನಿನಗ ನೆನಪಿಲ್ಲಂದ್ರ ಕೇಳೋ, ನನ್ನ ಯಾಕ ಓದಿಸ್ತೀ ಎಂದು ಬೈದಳು. ಮತ್ತೆ ರಾಜಿ ಬಂದರೆ ಯಾಕೆ ಏಳುತ್ತೀ ಎಂದರೆ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು.

ರಾಜೇಶ್ವರಿಗೂ ನೆಮ್ಮದಿ ಇರಲಿಲ್ಲ. ಅವಳು ಚಪ್ಪರಕ್ಕೆ ಬಂದರೆ ರೊಟ್ಟಿ ಬಡಿಯುವವರ ಮಾತು ನಿಲ್ಲುತ್ತಿತ್ತು. ದಿಲಾವರ ಅಂತೂ ಕಟ್ಟು ಎತ್ತುವಾಗ, ಹಂಗ ನೋಡಬ್ಯಾಡ್ರಿ ಅವ್ವಾರ, ನಾ ಎಣಿಸೇ ಒಯ್ಯಾಕತ್ತೇನಿ ಎಂದ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಪಾರ್ಲರಿಗೆ ಹೋಗಿ ಕುರ್ಚಿಯಲ್ಲಿ ಕೂತಳು. ಅಲ್ಲಿ ಎದುರೂ ಕನ್ನಡಿ, ಹಿಂದೂ ಕನ್ನಡಿ. ತನ್ನ ಬೆನ್ನ ಹಿಂದೆ ಸೆರಗು ಹೊದ್ದ ಹೆಂಗಸೊಬ್ಬಳು ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿತು. ಯಾರವ್ವಾ, ಶೈಲಾ ಇಲ್ಲ, ಕೂಡು, ಈಗ ಬರುತ್ತಾಳೆ ಎಂದಳು. ಹೆಂಗಸಿನ ತುಟಿಯೂ ಅಷ್ಟೇ ಅಲುಗಾಡಿದಾಗ ತಿಳಿಯಿತು, ಅದು ತಾನೇ ಎಂದು. ಈ ಸಂಗತಿಯನ್ನು ಅವಳು ಯಾರಿಗೂ ಹೇಳಲಿಲ್ಲ.

ಕಾರಹುಣ್ಣಿಮೆ ಹೋಯಿತು, ಮಳೆ ಬಂತು, ತೊಗರಿ ಬಿತ್ತಿಗೆ ಮುಗಿಯಿತು. ಒಂದು ದಿನ ರಾಜೇಶ್ವರಿ ಚಹಾ ತಂದಾಗ ಬಾಳಮ್ಮ ಏಳಲಿಲ್ಲ. ಕೂತಲ್ಲಿಂದಲೇ ಕೈ ನೀಡಿ ಬಟ್ಟಲು ಇಸಿದುಕೊಂಡು, ಬೆಲ್ಲ ಕಡಿಮಿ ಹಾಕೀಯಲ್ಲಬೇ ಎಂದಳು. ಮನೆಯವರು ಮುಖ ಮುಖ ನೋಡಿಕೊಂಡರು. ಶೈಲಶ್ರೀ ಅತ್ತೆಯನ್ನು ಬೆಳಕಿಗೆ ಕರೆದುಕೊಂಡು ಹೋಗಿ ಹುಬ್ಬು ನೋಡಿದಳು. ಇಳಿದಿತ್ತು. ಕನ್ನಡಿಗೆ ತಿಳಿಯುವ ಮುಂಚೆ ಮುದುಕಿಗೆ ತಿಳಿದಿತ್ತು.

ಹುಬ್ಬಿನ ಜೊತೆಗೆ ಕತ್ತಲೂ ತಿರುಗಿ ಬಂತು. ನಾಲ್ಕು ದಿನದಲ್ಲಿ ರಾಜೇಶ್ವರಿಯ ಮುಂಗೈಗೆ ಹಂಚು ತಗುಲಿ ಉದ್ದಕ್ಕೆ ಬೊಬ್ಬೆ ಎದ್ದಿತು. ರಸ್ತೆ ದಾಟುವಾಗ ಬದಿಯಿಂದ ಬಂದ ಬೈಕು ಕಾಣದೆ ಸೀರೆಯ ಅಂಚು ಹರಿಯಿತು. ಒಮ್ಮೆ ಪೂರ್ತಿ ಕಂಡವಳಿಗೆ ಅರ್ಧ ಕಾಣುವುದು ಮೊದಲಿಗಿಂತ ಕಷ್ಟ. ಈಗ ಆಪರೇಶನ್ನೇ ಆಗಲಿ ಎಂದಳು. ನಾಗರ ಪಂಚಮಿಗೆ ಮುಂಚೆ ಆಗಬೇಕು, ಹಬ್ಬಕ್ಕೆ ನನ್ನ ಕಣ್ಣಿಂದ ನೋಡಿ ನಾನು ಉಂಡಿ ಕಟ್ಟಬೇಕು ಎಂದಳು.

ಡಾಕ್ಟರ್ ಒಂದು ಮಾತು ಕೇಳಿದ್ದಳು. ವಯಸ್ಸಿನಲ್ಲಿದ್ದಾಗಿನ ಫೋಟೋ ತನ್ನಿ, ಮೊದಲು ಕಣ್ಣು ಹೇಗಿದ್ದವೆಂದು ನೋಡಿದರೆ ಎಷ್ಟು ತೆಗೆಯಬೇಕೆಂದು ತಿಳಿಯುತ್ತದೆ. ಟ್ರಂಕು ತೆಗೆದು ಹುಡುಕಿದರೆ ರಾಜೇಶ್ವರಿಯ ಫೋಟೋಗಳು ಬೇಕಾದಷ್ಟು, ಕಣ್ಣು ಒಂದರಲ್ಲೂ ಇಲ್ಲ. ಮದುವೆಯ ಅಕ್ಷತೆಯಲ್ಲಿ ತಲೆ ಬಗ್ಗಿಸಿದ್ದಾಳೆ, ಬಸುರಿಯ ಕುಬಸದಲ್ಲಿ ಬಗ್ಗಿಸಿದ್ದಾಳೆ, ಮಗನ ತೊಟ್ಟಿಲಲ್ಲಿ ಮಗನನ್ನು ನೋಡುತ್ತಿದ್ದಾಳೆ. ಹೆಣ್ಣುಮಗಳು ಕ್ಯಾಮೆರಾದ ಕಡೆ ಕಣ್ಣೆತ್ತಿದರೆ ಬಿರುಗಣ್ಣಿನವಳು ಅನ್ನುತ್ತಿದ್ದ ಕಾಲ ಅದು. ಆಗ ಸಂಗಮೇಶ ಗೋಡೆ ನೋಡಿದ.

"ರೇವವ್ವ ಆಯಿ ಫೋಟೋ ಒಯ್ಯೂಣು. ಮೂಗು ಅಕಿದು, ಗದ್ದ ಅಕಿದು. ಕಣ್ಣೂ ಅಕಿವೇ ಇದ್ದಾವು, ಈಗ ಇಳದಾವು."

ಎಲ್ಲರಿಗೂ ಸರಿಯೆನಿಸಿತು. ಬಾಳಮ್ಮ ಓಣಿಯ ಆಚೆ ಯಾರದೋ ಬಾಣಂತಿಯನ್ನು ನೋಡಲು ಹೋಗಿದ್ದಳು. ಫೋಟೋ ಇಳಿಸಿ ಟವೆಲಿನಲ್ಲಿ ಸುತ್ತಿ ತಾಯಿ, ಮಗ, ಸೊಸೆ ವಿಜಯಪುರದ ಬಸ್ಸು ಹತ್ತಿದರು.

ಪ್ರಿಯದರ್ಶಿನಿ ಫೋಟೋವನ್ನು ಬಹಳ ಹೊತ್ತು ನೋಡಿದಳು. ರಾಜೇಶ್ವರಿಯ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಕಣ್ಣುಗಳನ್ನು ಅದರಂತೆ ಅಗಲ ಮಾಡಿ ತೋರಿಸಿದಳು. ತೋರಿಸಿ, ಇಷ್ಟು ಬೇಡ ಎಂದಳು. ಇಷ್ಟು ಚರ್ಮ ತೆಗೆದರೆ ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚಲಿಕ್ಕಿಲ್ಲ. ಕಣ್ಣು ಒಣಗುತ್ತವೆ, ದಿನಾ ಮುಲಾಮು ಹಚ್ಚಿಕೊಂಡು ಮಲಗಬೇಕಾದೀತು. ಇದರ ಅರ್ಧದಷ್ಟು ಸಾಕು ಎಂದಳು. ರಾಜೇಶ್ವರಿ ಅಲ್ಲಿ ಹಟ ಹಿಡಿದಳು.

"ನಮ್ಮ ಮುತ್ತಜ್ಜಿ ಇಂಥಾ ಕಣ್ಣ ಇಟ್ಕೊಂಡ ಮುದುಕಿ ಆಗಿ ಹ್ವಾದ್ಲು ನೋಡ್ರಿ. ಅಕಿ ಯಾವ ಮುಲಾಮ ಹಚ್ಚಿದ್ಲು? ಅರ್ಧಾ ಕಾಣೂದು ಸಾಕಾಗೇತಿ ನನಗ."

ಮನೆತನದ ಕಣ್ಣೇ ಹಾಗಿದ್ದರೆ ನೋಡೋಣ, ಆದರೂ ಇನ್ನೊಮ್ಮೆ ವಿಚಾರ ಮಾಡಿ ಆಪರೇಶನ್ನಿನ ಹಿಂದಿನ ದಿನ ಫೋನು ಮಾಡಿ ಎಂದು ಡಾಕ್ಟರ್ ಸೋಮವಾರ ಗೊತ್ತುಮಾಡಿದಳು. ಕಂಪ್ಯೂಟರಿನ ಚಿತ್ರವನ್ನು ಸಂಗಮೇಶನ ಮೊಬೈಲಿಗೆ ಕಳಿಸಿದಳು.

ಅವರು ಬರುವಷ್ಟರಲ್ಲಿ ಸಂಜೆ. ಗೋಡೆಯ ಮೇಲೆ ಫೋಟೋ ಇದ್ದ ಜಾಗ ಬೆಳ್ಳಗೆ ಚೌಕವಾಗಿ ಉಳಿದಿತ್ತು. ಬಾಳಮ್ಮ ಆ ಗೋಡೆಗೆ ಮುಖ ಮಾಡಿ ಕೂತು, ಬಿಸಿ ಬಿಸಿ ನುಚ್ಚು-ಮಜ್ಜಿಗೆ ಉಣ್ಣುತ್ತಿದ್ದಳು. ಇವತ್ತು ಅವ್ವ ಎರಡು ಸಲ ನೀಡಿಸಿಕೊಂಡಳು ಎಂದ ಶ್ರೀಶೈಲಪ್ಪ. ಬಾಗಿಲ ಬೆಳಕು ಬೇಡವಾಯಿತೇ ಎಂದು ನಗಾಡಿದ. ಸಂಗಮೇಶ ಫೋಟೋ ಮೊದಲಿನ ಮೊಳೆಗೇ ತೂಗುಹಾಕಿದ. ಹಾಕಿ, ಆಯಿಯ ಮಗ್ಗುಲಲ್ಲಿ ಕೂತು, ನಮ್ಮವ್ವ ಹೆಂಗಾಗತಾಳ ನೋಡ ಎಂದು ಮೊಬೈಲು ಮುಂದೆ ಹಿಡಿದ.

ಬಾಳಮ್ಮ ಮೊಬೈಲು ನೋಡಿದಳು. ಗೋಡೆ ನೋಡಿದಳು. ಕೈಯಲ್ಲಿದ್ದ ತುತ್ತನ್ನು ತಾಟಿಗೆ ಬಿಟ್ಟಳು.

"ಇದನ್ನ ಡಾಕ್ಟರಗ ತೋರಿಸೀರಿ?"

ತೋರಿಸಿದ್ದೇವೆ, ಸೋಮವಾರ ಇದೇ ಪ್ರಕಾರ ಕತ್ತರಿಸುತ್ತಾರೆ ಎಂದ ಸಂಗಮೇಶ.

"ಕತ್ತರಿಸಬ್ಯಾಡಂತ ಹೇಳು. ಆ ಕಣ್ಣ ನಮ್ಮತ್ತೀವಲ್ಲ."

"ಮತ್ತ ಯಾರವಬೇ?" ಎಂದ ಶ್ರೀಶೈಲಪ್ಪ, ಇನ್ನೂ ನಗುತ್ತಲೇ.

"ಶಮಶುದ್ದೀನವು."

ಯಾವ ಶಮಶುದ್ದೀನ ಎಂದು ಯಾರಿಗೂ ತಿಳಿಯಲಿಲ್ಲ. ಬಾಳಮ್ಮ ತಾಟು ಸರಿಸಿ, ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು ಹೇಳಿದಳು. ದನಿ ಎತ್ತರಿಸಲೂ ಇಲ್ಲ, ಇಳಿಸಲೂ ಇಲ್ಲ, ಹಿಂದಿನ ಸಂತೆಯ ಮಾತು ಹೇಳಿದ ಹಾಗೆ.

"ಶೈಲಪ್ಪ ತೊಟ್ಟಿಲಾಗಿದ್ದ. ಅತ್ತಿ ನಸಿಕಿನ್ಯಾಗ ಲಿಂಗೈಕ್ಯ ಆದ್ಲು. ಇದ ಪಡಸಾಲ್ಯಾಗ, ಇದ ಗೋಡಿಗೆ ಕುಂದ್ರಿಸಿದ್ರು. ಹಣಿಗೆ ಈಬತ್ತಿ ಹಚ್ಚಿದ್ರು, ಮಾಲಿ ಹಾಕಿದ್ರು. ಮಂದಿ ಬಂದ ನಮಸ್ಕಾರ ಮಾಡಾಕತ್ತಿತ್ತು. ಆಗ ನಮ್ಮ ಮಾವಗ ನೆನಪಾತು, ಅಕಿದೊಂದು ಫೋಟೋ ಇಲ್ಲಂತ. ಜೀವ ಇದ್ದಾಗ ಯಾರೂ ತಗಿಸಿರಲಿಲ್ಲ. ವಿಜಾಪುರಕ್ಕ ಆಳ ಕಳಿಸಿ ಕ್ಯಾಮೆರಾದ ಶಮಶುದ್ದೀನನ್ನ ಕರಿಸಿದ್ರು. ಮನ್ಯಾಗ ಹೆಣದ ಫೋಟೋ ಬ್ಯಾಡ, ಕಣ್ಣ ತೆರಸಿ ಕೊಡು ಅಂದ್ರು. ಅವ ಏನ ಮಾಡ್ಯಾನು? ಅಕಿ ಕಣ್ಣ ಅವ ನೋಡಿದ್ನೇನು? ತನಗ ತಿಳದ ಕಣ್ಣ ಬರದ ಕೊಟ್ಟ."

ಪಡಸಾಲೆಯಲ್ಲಿ ಎಲ್ಲರೂ ಫೋಟೋ ನೋಡುತ್ತಿದ್ದರು. ಫೋಟೋ ಎಲ್ಲರನ್ನೂ ನೋಡುತ್ತಿತ್ತು.

ಮಕ್ಕಳು ಅಂಜುತ್ತಾರೆ, ಈ ಮಾತು ಹೊರಗೆ ಬೀಳಬಾರದು ಎಂದು ಮಾವ ಆಣೆ ಹಾಕಿಸಿದ್ದನಂತೆ. ಗೊತ್ತಿದ್ದವರು ಒಬ್ಬೊಬ್ಬರೇ ಹೋದರು. ಉಳಿದವಳು ತಾನೊಬ್ಬಳೇ ಎಂದಳು ಬಾಳಮ್ಮ.

"ಮತ್ತ ನಾ ಬಂದ್ರ ಯಾಕ ಎದ್ದ ನಿಂದರತಿದ್ದಿ, ಆಯಿ?" ರಾಜೇಶ್ವರಿಯ ದನಿ ಸಣ್ಣಗಾಗಿತ್ತು.

"ಜೀವ ಇದ್ದಾಗ ಅಕಿಗೆ ನಾ ಅಂಜಿದಾಕಿ ಅಲ್ಲ. ನಿನ್ನಂಗ, ಗದ್ದ ಎತ್ತಿ, ಅರ್ಧಾ ಕಣ್ಣಲೇ ನೋಡತಿದ್ಲು. ನಿದ್ದಿಗಣ್ಣಿನಾಕಿ ಅಂತ ಓಣ್ಯಾಗ ಕರೀತಿದ್ರು. ಫೋಟೋ ಗ್ವಾಡಿಗೆ ಬಂತು ನೋಡು, ಅಂದಿಂದ ಅಂಜಿಕಿ. ಹೂಳಿದಾಕಿ ಹೆಂಗ ನೋಡತಾಳ? ನಾ ಅಡಗಿ ಮನ್ಯಾಗಿಂದ ಹೊರಗ ಬಂದ್ರ ಫೋಟೋದ ಮುಂದ ನಿಂದ್ರೂದು, ತಲಿ ಮ್ಯಾಲ ಸೆರಗ ಎಳಕೊಳ್ಳೂದು. ಆ ಕಣ್ಣ ಇಷ್ಟ ವರ್ಷ ಗ್ವಾಡಿ ಮ್ಯಾಲ ಇದ್ದೂ. ಮೊನ್ನಿ ಚಹಾ ಹಿಡ್ಕೊಂಡ ನನ್ನ ಮುಂದ ಬಂದೂ."

ಹೊರಗೆ ದಿಲಾವರನ ಆಟೋ ಬಂದು ಹಾರ್ನ್ ಹೊಡೆಯಿತು. ಯಾರೂ ಏಳಲಿಲ್ಲ. ಇನ್ನೊಮ್ಮೆ ಹೊಡೆದು ಅವನು ತಾನೇ ಹಿಂದೆ ಹೋಗಿ ಕಟ್ಟು ಎತ್ತಿಕೊಂಡು ಹೋದ.

ರಾಜೇಶ್ವರಿ ಡಾಕ್ಟರಿಗೆ ಫೋನು ಹಚ್ಚಲು ಹೇಳಿ ಮಗನ ಕೈಯಿಂದ ಮೊಬೈಲು ತೆಗೆದುಕೊಂಡಳು. ನಡೆದದ್ದನ್ನು ತಾನೇ ಹೇಳಿದಳು. ಆ ಕಡೆ ಪ್ರಿಯದರ್ಶಿನಿ ಅಂದಳು, "ನಾನೂ ನೋಡಿದಾಗ ಅನಕೊಂಡಿದ್ದೆ ಅಕ್ಕಾರ, ಈ ಕಣ್ಣಿಗೆ ರೆಪ್ಪಿ ಮಡಿಕಿನ ಇಲ್ಲಲ್ಲ, ಮುಚ್ಚಬೇಕಂದ್ರ ಹೆಂಗ ಮುಚ್ಚತಿದ್ರು ಅಂತ. ಹಳೇ ಫೋಟೋ, ಬಣ್ಣ ಹಚ್ಯಾರ, ಇರಲಿ ಅಂತ ಬಿಟ್ಟೆ. ಈಗ ಹೇಳ್ರಿ, ನಿಮಗ ಎಂಥಾ ಕಣ್ಣ ಬೇಕು?"

"ಹಂಚಿನ ಮ್ಯಾಲಿನ ರೊಟ್ಟಿ ಕಾಣಬೇಕ್ರಿ. ರಸ್ತೆದಾಗ ಬರೂ ಗಾಡಿ ಕಾಣಬೇಕು. ಮತ್ತ, ಮುಚ್ಚಿದ್ರ ಮುಚ್ಚಬೇಕು."

ಮರುದಿನ ಭಾನುವಾರ. ಒಲೆಗಳಿಗೆ ರಜೆ. ಬಾಳಮ್ಮ ಮೊಮ್ಮಗನಿಂದ ಫೋಟೋ ಇಳಿಸಿಕೊಂಡು, ಗಾಜು ತೆಗೆಸಿದಳು. ಗಾಜಿನ ಹಿಂದಿನಿಂದ ಹಳೆಯ ಹೂವಿನ ಪುಡಿಯಂಥ ವಾಸನೆ ಬಂತು. ರ‍್ಯಾಕಿನಿಂದ ರೊಟ್ಟಿಗೆ ನೀರು ಸವರುವ ಬಟ್ಟೆ ತಾ ಎಂದು ರಾಜೇಶ್ವರಿಗೆ ಹೇಳಿದಳು. ಅದನ್ನು ಹಿಂಡಿ ಅವಳ ಕೈಗೇ ಕೊಟ್ಟಳು.

"ನನ್ನ ಕೈ ನಡಗತೈತಿ. ನೀ ಒರಸು. ರೊಟ್ಟಿ ಮ್ಯಾಲ ಹೆಂಗ ಆಡಸ್ತೀ, ಹಂಗ. ಒತ್ತಬ್ಯಾಡ."

ರಾಜೇಶ್ವರಿ ಒದ್ದೆ ಬಟ್ಟೆಯನ್ನು ಬಲಗಣ್ಣಿನ ಮೇಲೆ ಮೆಲ್ಲಗೆ ಆಡಿಸಿದಳು. ಕರಿ ಬಣ್ಣ ಬಟ್ಟೆಗೆ ಬಂತು, ಬಿಳಿ ಬಂತು. ಇನ್ನೊಮ್ಮೆ ಆಡಿಸಿದಾಗ ಕೆಳಗಿನಿಂದ ದಪ್ಪಗೆ ಜೋತುಬಿದ್ದ ರೆಪ್ಪೆಯೊಂದು ಮೇಲೆದ್ದು ಬಂತು. ಹುಬ್ಬು ಕೆಳಗಿತ್ತು. ಹುಬ್ಬಿನಿಂದ ರೆಪ್ಪೆಯವರೆಗೆ ಚರ್ಮದ ಮಡಿಕೆ ಇತ್ತು. ಶೈಲಶ್ರೀ ಫೋಟೋ ನೋಡಿ ಅತ್ತೆಯನ್ನು ನೋಡಿದಳು. ಎಡಗಣ್ಣು ಒರೆಸುವ ಹೊತ್ತಿಗೆ ರಾಜೇಶ್ವರಿಯ ಕಣ್ಣೀರು ಗದ್ದದಿಂದ ಬಟ್ಟೆಯ ಮೇಲೆ ಬೀಳುತ್ತಿತ್ತು. ಫೋಟೋದ ಎರಡೂ ಕಣ್ಣು ಮುಚ್ಚಿದವು. ಶ್ರೀಶೈಲಪ್ಪ, ಯಾವಾಗಲೂ ಮಾತು ಕಟ್ಟುವವನು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಸೋಮವಾರ ಆಪರೇಶನ್ ಆಯಿತು. ತಲೆ ಎತ್ತರದಲ್ಲಿರಬೇಕು, ಬಾವು ಇಳಿಯುವವರೆಗೆ ಮಲಗುವುದಕ್ಕಿಂತ ಒರಗಿ ಕೂರುವುದು ಒಳ್ಳೆಯದು, ಕಣ್ಣಿಗೆ ತಣ್ಣನೆಯ ಹತ್ತಿ ಇಡಿ ಎಂದು ಹೇಳಿ ಕಳಿಸಿದರು. ಮನೆಯಲ್ಲಿ ಗಾಳಿ ಬೆಳಕು ಇದ್ದ ಜಾಗ ಪಡಸಾಲೆಯೇ. ಶೈಲಶ್ರೀ ಅಲ್ಲಿಯೇ ಹಾಸಿಗೆ ಹಾಕಿ, ಗೋಡೆಗೆ ದಿಂಬು ಕೊಟ್ಟು ಅತ್ತೆಯನ್ನು ಕೂರಿಸಿದಳು. ಅದು ಫೋಟೋ ಇಳಿಸಿದ ಗೋಡೆಯೇ ಎಂದು ಆ ಅವಸರದಲ್ಲಿ ಯಾರೂ ನೋಡಲಿಲ್ಲ. ಫ್ಯಾನಿನ ಗಾಳಿಗೆ ಥಂಡಿಯಾಗದಿರಲೆಂದು ಸೆರಗನ್ನು ತಲೆಯ ಮೇಲೆ ಹೊದಿಸಿದಳು.

ಸುದ್ದಿ ತಿಳಿದು ಓಣಿಯ ಹೆಂಗಸರು ಮಾತಾಡಿಸಲು ಬಂದರು. ಮಠದ ಚನ್ನಬಸಯ್ಯನವರು ಬಂದು ಆರಾಮಾಗಲೆಂದು ಹಣೆ ತುಂಬ ವಿಭೂತಿ ಹಚ್ಚಿ, ಗದ್ದುಗೆಯ ಹೂಮಾಲೆಯನ್ನು ಕೊರಳಿಗೆ ಹಾಕಿದರು. ರಾಜೇಶ್ವರಿಗೆ ಮಾತ್ರೆಯ ಮಂಪರು. ಹತ್ತಿಯ ಕೆಳಗೆ ಕಣ್ಣು ಮುಚ್ಚಿ, ಕೈಗಳನ್ನು ಮಡಿಲಲ್ಲಿಟ್ಟು, ಅಲುಗಾಡದೆ ಕೂತಿದ್ದಳು. ಬಂದವರು ಸುತ್ತ ಕೂತು, ಅವಳಿಗೆ ಎಚ್ಚರವಾಗದಿರಲೆಂದು ಪಿಸುಮಾತಿನಲ್ಲಿ ಮಾತಾಡುತ್ತಿದ್ದರು.

ಹಿತ್ತಲಿನಿಂದ ಬಾಳಮ್ಮ ಕೋಲೂರಿಕೊಂಡು ಬಂದಳು. ಅಡುಗೆಮನೆಯ ಹೊಸ್ತಿಲು ದಾಟುವಾಗ ತಲೆ ಎತ್ತಿದಳು. ಎತ್ತಿದವಳು ಅಲ್ಲಿಯೇ ನಿಂತಳು. ಕೋಲು ಕೈಯಿಂದ ಬಿತ್ತು. ಅದೇ ಗೋಡೆ, ಅದೇ ವಿಭೂತಿ, ಅದೇ ಮಾಲೆ, ಸುತ್ತ ಅದೇ ಪಿಸುಮಾತು.

ಹೆಂಗಸರು ತಿರುಗಿ ನೋಡಿದರು. ಬಾಳಮ್ಮ ಸೆರಗು ಎಳೆದುಕೊಳ್ಳಲು ಕೈ ಎತ್ತಿದಳು, ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಆ ಕೈಯನ್ನೇ ಗೋಡೆಗೆ ಊರುತ್ತ, ಒಬ್ಬೊಬ್ಬರ ಹೆಗಲು ಹಿಡಿಯುತ್ತ, ಹಾಸಿಗೆಯವರೆಗೆ ಬಂದಳು.

"ರಾಜಿ. ಕಣ್ಣ ತಗಿ."

ಕೂತವಳು ಅಲುಗಾಡಲಿಲ್ಲ.

ಇನ್ನೂ ಮಾತ್ರೆಯ ಅಮಲು ಇಳಿದಿಲ್ಲ, ಈಗಷ್ಟೇ ನಿದ್ದೆ ಹತ್ತಿದೆ ಎಂದಳು ಶೈಲಶ್ರೀ. ಬಾಳಮ್ಮನಿಗೆ ಕೇಳಿಸಿತೋ ಇಲ್ಲವೋ. ಬಗ್ಗಿ, ಹತ್ತಿಯನ್ನು ಒಂದೊಂದಾಗಿ ತೆಗೆದಳು. ಕೆಂಪಗೆ ಬಾತ ರೆಪ್ಪೆಗಳು, ಮೇಲೆ ಕಪ್ಪು ಹೊಲಿಗೆ. ಎರಡೂ ಪೂರ್ತಿ ಮುಚ್ಚಿದ್ದವು. ಎಳ್ಳಷ್ಟೂ ಸಂದು ಇರಲಿಲ್ಲ.

"ರಾಜಿ, ಕಣ್ಣ ತಗಿಬೇ. ನಾ ಆಯಿ."

ರೆಪ್ಪೆ ಅದುರಿತು. ಕಣ್ಣು ತೆರೆದವು. ಸುತ್ತ ಕೂತ ಹೆಂಗಸರೆಲ್ಲ ಯಾಕೋ ಒಮ್ಮೆಲೇ ತುಸು ಹಿಂದೆ ಸರಿದರು. ದೊಡ್ಡ ಕಣ್ಣುಗಳಲ್ಲ ಅವು. ತುಸು ನಿದ್ದೆಗಣ್ಣು, ಆದರೆ ಗುಡ್ಡೆ ಪೂರ್ತಿ ಕಾಣುತ್ತಿತ್ತು. ರಾಜೇಶ್ವರಿ ಗದ್ದ ಎತ್ತಲಿಲ್ಲ. ಇದ್ದ ಹಾಗೇ ಕೂತು ಮೇಲೆ ನೋಡಿದಳು, ಬಾಳಮ್ಮನ ಮುಖ ಹಣೆಯವರೆಗೂ ಕಂಡಿತು.

"ಏನಬೇ ಆಯಿ?"

ಬಾಳಮ್ಮ ಬೆರಳ ತುದಿಯಿಂದ ಆ ರೆಪ್ಪೆಗಳನ್ನು ಮುಟ್ಟಿದಳು. ಬಲದ್ದು ಮುಟ್ಟಿ, ಎಡದ್ದು ಮುಟ್ಟಿ, ಮತ್ತೆ ಬಲದ್ದು ಮುಟ್ಟಿದಳು.

"ಬಿಸಿ ಅದಾವ," ಎಂದಳು.

ಆಮೇಲೆ ಆ ಮಾಲೆಯನ್ನು ಅವಳ ಕೊರಳಿಂದ ತೆಗೆದು ಶೈಲಶ್ರೀಯ ಕೈಗೆ ಕೊಟ್ಟು, ನೀವೆಲ್ಲ ಒಂದಿಷ್ಟು ಸರೀರಿ ಎಂದು ಹೆಂಗಸರಿಗೆ ಹೇಳಿ, ಗೋಡೆಗೆ ಬೆನ್ನು ಕೊಟ್ಟು ರಾಜೇಶ್ವರಿಯ ಮಗ್ಗುಲಿಗೆ, ಹೆಗಲಿಗೆ ಹೆಗಲು ತಾಗಿಸಿ ಕೂತಳು. ಹಿಂದಿನ ಚಪ್ಪರದಲ್ಲಿ ಯಾರೋ ರೊಟ್ಟಿ ಬಡಿಯಲು ಶುರುಮಾಡಿದರು.